ಗೋಡೆಯಾಚೆಯ ಸೋನಿಕ್ ಬೂಮ್: ಪರೀಕ್ಷಾ ಕೊಠಡಿಯಲ್ಲಿ ಅರ್ಧ ದಿನ
ಹನ್ನೊಂದು ವರ್ಷಗಳಿಂದ ನಾನು ರಾತ್ರಿ ಪಾಳಿಯ ನರ್ಸ್. ಊರೆಲ್ಲ ಎದ್ದು ಓಡಾಡುವ ಹೊತ್ತಿನಲ್ಲಿ ಮಲಗುವವಳು. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನದ ಸದ್ದು, ಅಂದರೆ ಸೋನಿಕ್ ಬೂಮ್, ಮನೆಯೊಳಗಿರುವವರನ್ನು ಎಷ್ಟು ಕಾಡುತ್ತದೆ ಎಂದು ಅಳೆಯಲು ಪ್ರಯೋಗಾಲಯವೊಂದು ಕೇಳುಗರನ್ನು ಕರೆದಾಗ ಮೊದಲ ದಿನವೇ ಹೆಸರು ಬರೆಸಿದೆ.

ಕಿವಿಯ ಪರೀಕ್ಷೆ, ಒಪ್ಪಿಗೆ ಪತ್ರ ಎರಡೂ ಅವಸರವಿಲ್ಲದೆ ನಡೆದವು. ಬೇಡವೆನಿಸಿದರೆ ಯಾವ ಕ್ಷಣದಲ್ಲಾದರೂ ಎದ್ದು ಹೋಗಬಹುದು ಎಂದು ಎರಡು ಸಲ ಹೇಳಿದರು. ಈ ಎಚ್ಚರ ನನಗೆ ಹಿಡಿಸಿತು.

ಕೊಠಡಿ ನೋಡಲು ಯಾರದೋ ಮನೆಯ ಪಡಸಾಲೆಯಂತಿದೆ. ಕುರ್ಚಿ, ಕಿಟಕಿ, ಪರದೆ, ಗೋಡೆಗೆ ತೂಗುಹಾಕಿದ ಗಾಜಿನ ಕಟ್ಟಿನ ಚಿತ್ರ. ಯಂತ್ರಗಳೆಲ್ಲ ಗೋಡೆಯಾಚೆ. ಎರಡು ಹೊರಗೋಡೆಗಳ ಬೆನ್ನಿಗೆ ಸಾಲುಸಾಲಾಗಿ ಸ್ಪೀಕರ್‌ಗಳನ್ನು ಜೋಡಿಸಿದ್ದಾರೆ. ಅಮೆರಿಕದ ವರ್ಜೀನಿಯಾದಲ್ಲಿರುವ ನಾಸಾದ ಲ್ಯಾಂಗ್ಲಿ ಸಂಶೋಧನಾ ಕೇಂದ್ರದ ಕೊಠಡಿಯೂ ಇದೇ ಬಗೆಯದು. ಸದ್ದನ್ನು ಒಳಗೆ ನುಡಿಸುವುದಿಲ್ಲ, ಗೋಡೆಯ ಹೊರಮೈಗೆ ಬಡಿಯುತ್ತಾರೆ. ಒಳಗೆ ಎಷ್ಟು ಬರಬೇಕು, ಹೇಗೆ ಬರಬೇಕು ಎನ್ನುವುದು ಗೋಡೆಗೂ ಕಿಟಕಿಗೂ ಬಿಟ್ಟದ್ದು.

ಈ ಏರ್ಪಾಡಿನ ಬೆಲೆ ಮೊದಲ ಬಡಿತದಲ್ಲೇ ತಿಳಿಯಿತು. ಹಿಂದಿನ ದಿನ ಹೆಡ್‌ಫೋನ್ ಹಾಕಿಕೊಂಡು ಧ್ವನಿಮುದ್ರಿಕೆಯೊಂದನ್ನು ಕೇಳಿದ್ದೆ. ದೂರದಲ್ಲಿ ಎರಡು ಬಾಗಿಲು ಒಂದರ ಹಿಂದೊಂದು ಮುಚ್ಚಿಕೊಂಡಂತಿತ್ತು, ಅಷ್ಟೇ. ಇಲ್ಲಿ ಎದೆಗೂಡಿಗೆ ಗೊತ್ತಾಗಿದ್ದು ಮೊದಲು, ಕಿವಿಗೆ ಆಮೇಲೆ. ಕಿಟಕಿಯ ಗಾಜು ಗಿರ್ರೆಂದು ಅದುರಿತು, ಚಿತ್ರದ ಕಟ್ಟು ಗೋಡೆಗೆ ತಟತಟ ತಾಗಿತು, ಕುರ್ಚಿಯ ಕೈ ನನ್ನ ಅಂಗೈಯಡಿ ನಡುಗಿತು. ಸೋನಿಕ್ ಬೂಮ್‌ನಲ್ಲಿ ಗಾಳಿಯ ಒತ್ತಡ ಥಟ್ಟನೆ ಏರಿ, ಮಾಮೂಲು ಮಟ್ಟಕ್ಕಿಂತ ಕೆಳಗಿಳಿದು, ಮತ್ತೆ ಥಟ್ಟನೆ ಮೇಲೇರುತ್ತದೆ. ಎರಡು ಏಟು ಕೇಳಿಸುವುದು ಅದರಿಂದಲೇ. ಹಿಂದೆ ಶಬ್ದಕ್ಕಿಂತ ವೇಗವಾಗಿ ಪ್ರಯಾಣಿಕರನ್ನು ಒಯ್ಯುತ್ತಿದ್ದ ಕಾನ್ಕಾರ್ಡ್‌ನಂಥ ದೊಡ್ಡ ವಿಮಾನದ ಈ ಒತ್ತಡದ ಅಲೆ ಹಾದುಹೋಗಲು ಸುಮಾರು 0.3 ಸೆಕೆಂಡ್ ಸಾಕು. ಅದರ ಬಲದಲ್ಲಿ ಬಹುಪಾಲು ಕಿವಿಗೆ ನಿಲುಕದಷ್ಟು ತಗ್ಗಿನ ಕಂಪನಗಳಲ್ಲಿರುತ್ತದೆ. ಗೋಡೆ ತಡೆಯಲಾರದ್ದು, ಮನೆಯನ್ನು ಅಲುಗಿಸುವುದು ಇವೇ. ಹೆಡ್‌ಫೋನ್ ಇವನ್ನು ಮೈಗೆ ಮುಟ್ಟಿಸಲಾರದು.

ಪ್ರತಿ ಸದ್ದಿನ ನಂತರ ಕಿರಿಕಿರಿ ಎಷ್ಟೆಂದು ಕಂಪ್ಯೂಟರ್ ಪರದೆಯ ಮೇಲೆ ಗುರುತು ಹಾಕಬೇಕು. ನೋವು ಹತ್ತರಲ್ಲಿ ಎಷ್ಟು ಎಂದು ರೋಗಿಗಳನ್ನು ದಿನವೂ ಕೇಳುವವಳು ನಾನು. ಉತ್ತರಿಸುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಮೆತ್ತನೆಯ ಸದ್ದುಗಳೂ ಇದ್ದವು, ಪಕ್ಕದ ಮನೆಯ ಕಾರಿನ ಬಾಗಿಲು ಹಾಕಿದಷ್ಟೇ. ಶಬ್ದಕ್ಕಿಂತ ವೇಗವಾಗಿ ಹಾರಲೆಂದು ಮಾಡಿದ ನಾಸಾದ ಪ್ರಯೋಗ ವಿಮಾನ ಎಕ್ಸ್-59ರ ಗುರಿ ಇಂಥ ಸದ್ದೇ: ನೆಲದಲ್ಲಿರುವವರಿಗೆ ಸುಮಾರು 75 ಡೆಸಿಬೆಲ್. ಕಾನ್ಕಾರ್ಡ್‌ನದು 100 ಡೆಸಿಬೆಲ್ ದಾಟುತ್ತಿತ್ತು. ಆದರೆ ಗಾಜು ಅದುರಿಸಿದ ಒಂದು ಮೆತ್ತನೆಯ ಸದ್ದಿಗೆ ನಾನು ಕೊಟ್ಟ ಅಂಕ, ಏನನ್ನೂ ಅದುರಿಸದ ಜೋರು ಸದ್ದಿಗೆ ಕೊಟ್ಟದ್ದಕ್ಕಿಂತ ಹೆಚ್ಚಿತ್ತು. ಹೊರಗಿನ ಸದ್ದನ್ನು ಹೊರಗಿನದೆಂದು ಬಿಡಬಹುದು, ಮನೆಯೇ ಅಲುಗಿದರೆ ಬಿಡಲಾಗುವುದಿಲ್ಲ. ಅದನ್ನು ಇಷ್ಟು ನಿಖರವಾಗಿ ತೋರಿಸಿದ್ದಕ್ಕೆ ಈ ಕೊಠಡಿಗೆ ಪೂರ್ಣ ಅಂಕ.

ಪರೀಕ್ಷೆಯ ಕ್ರಮಕ್ಕೆ ಮಾತ್ರ ಅಷ್ಟು ಕೊಡಲಾರೆ. ಪ್ರತಿ ಬಡಿತಕ್ಕೂ ಮುನ್ನ ಪರದೆಯಲ್ಲಿ ಹಸಿರು ಚುಕ್ಕೆ ಬೆಳಗುತ್ತಿತ್ತು. ಬರುತ್ತದೆ ಎಂದು ಗೊತ್ತಿದ್ದ ಮೇಲೆ ಬೆಚ್ಚಿಬೀಳುವುದು ಎಲ್ಲಿಂದ? ನಾಲ್ಕನೆಯ ಸದ್ದಿನ ಹೊತ್ತಿಗೆ ನನ್ನ ಹೆಗಲು ತಾನಾಗಿ ಬಿಗಿದುಕೊಂಡು ಕಾಯುತ್ತಿತ್ತು. 1964ರಲ್ಲಿ ಅಮೆರಿಕದ ಒಕ್ಲಹೋಮಾ ಸಿಟಿಯ ಮೇಲೆ ಪರೀಕ್ಷೆಗೆಂದು ಆರು ತಿಂಗಳು, ದಿನಕ್ಕೆ ಹೆಚ್ಚೆಂದರೆ ಎಂಟರಂತೆ, ಒಟ್ಟು 1,253 ಬೂಮ್‌ಗಳನ್ನು ಕೇಳಿಸಿದ್ದರು. ಇದರೊಂದಿಗೆ ಬದುಕಲಾರೆವು ಎಂದವರು ಕಡೆಗೆ ನಾಲ್ಕನೆಯ ಒಂದು ಭಾಗಕ್ಕೂ ಹೆಚ್ಚು. ಅವರು ನನ್ನಂತೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕುರ್ಚಿಯಲ್ಲಿ ಕುಳಿತವರಲ್ಲ. ಮಗುವನ್ನು ಮಲಗಿಸುತ್ತಿದ್ದರು, ಕಾಯಿಲೆ ಬಿದ್ದಿದ್ದರು, ಅಡುಗೆ ಮಾಡುತ್ತಿದ್ದರು. ಆಪರೇಷನ್ ಮುಗಿಸಿಕೊಂಡು ಬಂದು ಈಗಷ್ಟೇ ಕಣ್ಣು ಮುಚ್ಚಿದ ರೋಗಿ ಒಂದು ಸದ್ದಿಗೆ ಹೇಗೆ ಎಚ್ಚರಗೊಳ್ಳುತ್ತಾನೆ ಎಂಬುದನ್ನು ನಾನು ಎಷ್ಟೋ ರಾತ್ರಿ ನೋಡಿದ್ದೇನೆ.

ಕೊನೆಯಲ್ಲಿ ಅಭಿಪ್ರಾಯ ಬರೆಯಲು ಒಂದು ಹಾಳೆ ಕೊಟ್ಟರು. ಕೊಠಡಿಯನ್ನು ಮನಸಾರೆ ಹೊಗಳಿದೆ. ಕೆಳಗೆ, ಮುಂದಿನ ಸಲ ಕುರ್ಚಿಯ ಜಾಗದಲ್ಲಿ ಮಂಚ ಹಾಕಿಸಿ, ಹಸಿರು ಚುಕ್ಕೆ ತೆಗೆದುಬಿಡಿ, ಪಾಳಿ ಮುಗಿಸಿ ನೇರವಾಗಿ ಬಂದು ಮಲಗುತ್ತೇನೆ ಎಂದು ಬರೆದು ಸಹಿ ಹಾಕಿದೆ.