ಜ್ವಾಲಾಮುಖಿ ಹರಿವಿನ ಕಿಟ್: ತೊಟ್ಟಿ ಚೆನ್ನಾಗಿದೆ, ಪುಸ್ತಿಕೆ ಸಾಲದು

ಜ್ವಾಲಾಮುಖಿ ಕಿಟ್ ಅಂದ್ರೆ ಅಡುಗೆ ಸೋಡಾ, ವಿನೆಗರ್, ಕೆಂಪು ನೊರೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನನಗೆ ಅದು ಸಾಕಾಗಿಹೋಗಿತ್ತು. ಈ ಕಿಟ್ ಬೇರೆ. ಡಬ್ಬಿಯ ಮೇಲೆ ಕೆಂಪು ಲಾವಾ ಚಿತ್ರವಿದೆ, ಒಳಗೆ ಲಾವಾ ಸುದ್ದಿಯೇ ಇಲ್ಲ. ಬಿಸಿ ಅನಿಲವೂ ಬೂದಿಯೂ ಸೇರಿ ನೆಲ ಹಿಡಿದು ನುಗ್ಗುವ ಪೈರೋಕ್ಲಾಸ್ಟಿಕ್ ಹರಿವನ್ನು ಇದು ನೀರಿನಲ್ಲಿ ತೋರಿಸುತ್ತದೆ. ಲಾವಾಗಿಂತ ಜಾಸ್ತಿ ಜನರನ್ನು ಕೊಂದಿರುವುದು ಇದೇ. 1902ರಲ್ಲಿ ಮಾರ್ಟಿನಿಕ್ ದ್ವೀಪದ ಸೇಂಟ್ ಪಿಯೆರ್ ಪಟ್ಟಣದಲ್ಲಿ ಸುಮಾರು 28 ಸಾವಿರ ಜನ ಸತ್ತಿದ್ದು ಹೀಗೆ.

ಉದ್ದನೆಯ ಅಕ್ರಿಲಿಕ್ ತೊಟ್ಟಿ, ಒಂದು ತುದಿಯಲ್ಲಿ ಗೇಟ್, ದಪ್ಪ ಮತ್ತು ನುಣ್ಣನೆಯ ಎರಡು ಪುಡಿ, ಅಡ್ಡ ಇಡಲು ಪ್ಲಾಸ್ಟಿಕ್ ಗುಡ್ಡ. ಗೇಟಿನ ಹಿಂದೆ ನೀರಿನಲ್ಲಿ ಪುಡಿ ಕದಡಿ, ಗೇಟನ್ನು ತಟ್ಟನೆ ಎತ್ತಬೇಕು. ದಪ್ಪ ಪುಡಿ ಗುಡ್ಡದ ಬುಡದಲ್ಲೇ ಕೂರುತ್ತದೆ. ತೆಳು ಮೋಡ ಮಾತ್ರ ಗುಡ್ಡ ಹತ್ತಿ ಆಚೆ ಇಳಿಯುತ್ತದೆ. 1991ರಲ್ಲಿ ಜಪಾನಿನ ಉನ್‌ಜೆನ್ ಜ್ವಾಲಾಮುಖಿಯಲ್ಲಿ 43 ಜನರ ಪ್ರಾಣ ತೆಗೆದಿದ್ದು ಹೀಗೆ ಭಾರದ ಹರಿವಿನಿಂದ ಬೇರ್ಪಟ್ಟು ಮುಂದೆ ನುಗ್ಗಿದ ಬಿಸಿ ಮೋಡವೇ. ಪುಸ್ತಿಕೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ!

ಇನ್ನೂ ಚೆನ್ನಾಗಿರುವ ಪ್ರಯೋಗವನ್ನೂ ಅವರು ಬಿಟ್ಟಿದ್ದಾರೆ. ತೊಟ್ಟಿಗೆ ಉಪ್ಪುನೀರು ಹಾಕಿ, ಗೇಟಿನ ಹಿಂದೆ ಮಾತ್ರ ಸಿಹಿನೀರಿನಲ್ಲಿ ಪುಡಿ ಕದಡಿ. ಪುಡಿ ಸಾಕಷ್ಟಿರಬೇಕು, ಇಲ್ಲದಿದ್ದರೆ ಮಿಶ್ರಣ ಉಪ್ಪುನೀರಿಗಿಂತ ಹಗುರಾಗಿ ಮೊದಲೇ ತೇಲಿಬಿಡುತ್ತದೆ. ಹರಿವು ಮೊದಲು ತಳದಲ್ಲಿ ಓಡುತ್ತದೆ. ಪುಡಿ ಉದುರುತ್ತಾ ಹೋದಂತೆ ಒಳಗಿನ ಸಿಹಿನೀರು ಹಗುರಾಗಿ, ಇದ್ದಕ್ಕಿದ್ದಂತೆ ಮೇಲಕ್ಕೇಳುತ್ತದೆ. ನಿಜವಾದ ಹರಿವೂ ಬೂದಿ ಉದುರಿಸಿ, ಸುತ್ತಲಿನ ಗಾಳಿ ಎಳೆದುಕೊಂಡು ಬಿಸಿ ಮಾಡಿ, ಕೊನೆಗೆ ನೆಲ ಬಿಟ್ಟು ಹಾರುತ್ತದೆ. ಮಕ್ಕಳು 'ಮತ್ತೊಮ್ಮೆ ಸರ್' ಅಂದಿದ್ದು ಇದಕ್ಕೇ.

'ನಿಜವಾದ ಪ್ರಯೋಗಾಲಯದ ಅನುಭವ' ಅನ್ನೋದು ಮಾತ್ರ ಸುಮ್ನೆ ಜಾಹೀರಾತು. ನ್ಯೂಜಿಲೆಂಡಿನ ಮ್ಯಾಸಿ ವಿಶ್ವವಿದ್ಯಾಲಯದ ಪೆಲೆ ಎಂಬ ಪ್ರಯೋಗದಲ್ಲಿ ಕಾಯಿಸಿದ ಅಸಲಿ ಜ್ವಾಲಾಮುಖಿ ಬೂದಿಯನ್ನೇ ಎತ್ತರದಿಂದ ಸುರಿಯುತ್ತಾರೆ. ಅಲ್ಲಿ ಹರಿವಿನ ವೇಗ ಸೆಕೆಂಡಿಗೆ 30 ಮೀಟರ್‌ವರೆಗೆ ಹೋಗುತ್ತದೆ. ಹರಿವಿನ ಬುಡದಲ್ಲಿ ಗಾಳಿಯ ಪದರ ಸೇರಿ, ಉಜ್ಜಾಟ ಕಡಿಮೆಯಾಗಿ, ಹರಿವು ಅಷ್ಟು ದೂರ ಓಡುತ್ತದೆ ಅಂತ ಅವರು 2019ರಲ್ಲಿ ತೋರಿಸಿದರು. ನೀರಿನ ತೊಟ್ಟಿಯಲ್ಲಿ ಅದನ್ನು ಹುಡುಕಬೇಡಿ.

ಗೇಟಿನ ರಬ್ಬರ್ ಬೇಗ ಸೋರಲು ಶುರುವಾಯಿತು, ಬದಲಿ ಕೊಟ್ಟಿಲ್ಲ. ಪುಡಿ ಕದಡುವಾಗ ಮಾಸ್ಕ್ ಹಾಕಿಕೊಳ್ಳಿ, ನುಣ್ಣನೆಯದು ಗಾಳಿಗೆ ಏಳುತ್ತದೆ. ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಕಳೆದಿದ್ದು ಪುಸ್ತಿಕೆಗೆ.