ವೈರಸ್ ಕೆಲಸಕ್ಕೆ ಕೊಲಾಬರೇಟಿವ್ ಕ್ರಾಸ್ ಇಲಿಗಳು: ತರಿಸಬಹುದಾ?

ತರಿಸಬಹುದು. ಇವು ಎಂಟು ಬೇರೆ ಬೇರೆ ತಳಿಗಳನ್ನು ಬೆರೆಸಿ ಮಾಡಿದ ಲ್ಯಾಬ್ ಇಲಿಗಳು. ಒಂದೇ ವೈರಸ್‌ಗೆ ಒಂದು ಇಲಿ ಸಾಯುತ್ತದೆ, ಪಕ್ಕದ್ದು ಆರಾಮಾಗಿ ಓಡಾಡಿಕೊಂಡಿರುತ್ತದೆ, ಯಾಕೆ ಅನ್ನೋದು ನಿಮ್ಮ ಪ್ರಶ್ನೆಯಾಗಿದ್ದರೆ ಇದಕ್ಕಿಂತ ಒಳ್ಳೆ ಇಲಿಗಳು ನನಗೆ ಸಿಕ್ಕಿಲ್ಲ.

ಹೆಚ್ಚಿನ ಲ್ಯಾಬ್‌ಗಳಲ್ಲಿ ಬ್ಲ್ಯಾಕ್ 6 ಅಥವಾ ಬಾಲ್ಬ್ ಸಿ ಅನ್ನೋ ತಳಿಯ ಇಲಿಗಳೇ ಇರುತ್ತವೆ. ಸುಲಭವಾಗಿ ಸಿಗುತ್ತವೆ, ಚೆನ್ನಾಗಿ ಮರಿ ಹಾಕುತ್ತವೆ. ಆದರೆ ಒಂದು ತಳಿಯ ಇಲಿಗಳೆಲ್ಲ ಒಂದೇ ಅಚ್ಚು, ಎಷ್ಟು ಇಲಿಗೆ ಸೋಂಕು ತಗುಲಿಸಿದರೂ ನೀವು ನೋಡುವುದು ಒಂದೇ ಜೀನೋಮ್, ಅಂದರೆ ಒಂದೇ ಜೀನ್ ಕಟ್ಟು. ಫ್ಲೂ ತಡೆಯುವ ಎಂಎಕ್ಸ್1 ಜೀನ್ ಈ ಎರಡೂ ತಳಿಗಳಲ್ಲಿ ಕೆಟ್ಟಿದೆ. 1962ರಲ್ಲಿ ವಿಜ್ಞಾನಿ ಲಿಂಡೆನ್‌ಮನ್ ಅವರು ಎ2ಜಿ ಅನ್ನೋ ತಳಿ ಫ್ಲೂಗೆ ಬಗ್ಗುವುದಿಲ್ಲ ಅಂತ ಗಮನಿಸಿದ್ದರು, ಆ ಜಾಡು ಹಿಡಿದು ಹೋದಾಗಲೇ ಈ ಜೀನ್ ಸಿಕ್ಕಿದ್ದು. ವೆಸ್ಟ್ ನೈಲ್ ವೈರಸ್ ಕಥೆಯೂ ಹೀಗೇ: ಅದನ್ನು ತಡೆಯುವ ಓಎಎಸ್1ಬಿ ಜೀನ್ ಹೆಚ್ಚಿನ ಲ್ಯಾಬ್ ತಳಿಗಳಲ್ಲಿ ಅರ್ಧಕ್ಕೇ ತುಂಡಾಗಿ ಕೆಟ್ಟಿದೆ. ಹಾಗಂತ ಬ್ಲ್ಯಾಕ್ 6 ದುರ್ಬಲ ತಳಿ ಅಂದುಕೊಳ್ಳಬೇಡಿ. ಇಲಿಗಳಿಗೆ ತಗಲುವ ಸೈಟೊಮೆಗಲೊವೈರಸ್ ಬಂದರೆ ಬ್ಲ್ಯಾಕ್ 6ರ ಎನ್‌ಕೆ ಕೋಶಗಳ (ಸೋಂಕಿತ ಕೋಶಗಳನ್ನು ಕೊಲ್ಲುವ ರಕ್ಷಣಾ ಕೋಶಗಳು) ಮೇಲಿರುವ ಲೈ49ಎಚ್ ಅನ್ನೋ ಪ್ರೋಟೀನ್ ಸೋಂಕಿತ ಕೋಶವನ್ನು ಗುರುತಿಸಿಬಿಡುತ್ತದೆ. ಬಾಲ್ಬ್ ಸಿಗೆ ಅದಿಲ್ಲ, ಹಾಗಾಗಿ ಅದೇ ಸೋತುಹೋಗುತ್ತದೆ. ಎಲ್ಲ ವೈರಸ್‌ಗೂ ಗಟ್ಟಿಯಾದ ತಳಿ ಅಂತ ಒಂದಿಲ್ಲ.

ಕೊಲಾಬರೇಟಿವ್ ಕ್ರಾಸ್ ಗೆಲ್ಲುವುದು ಇಲ್ಲೇ. ಎಂಟು ಮೂಲ ತಳಿಗಳನ್ನು ಬೆರೆಸಿ, ಆಮೇಲೆ ಒಡಹುಟ್ಟಿದವುಗಳನ್ನೇ ಕೂಡಿಸುತ್ತಾ ಹೋಗಿ ಮಾಡಿದ ತಳಿಗಳು ಇವು. ಎಂಟರಲ್ಲಿ ಕ್ಯಾಸ್ಟ್, ಪಿಡಬ್ಲ್ಯುಕೆ, ಡಬ್ಲ್ಯುಎಸ್‌ಬಿ ಅನ್ನೋ ಮೂರು ತಳಿಗಳು ಕಾಡು ಇಲಿಗಳಿಂದ ಬಂದವು, ಕೆಡದ ಓಎಎಸ್1ಬಿ ಬರುವುದೂ ಅವುಗಳಿಂದಲೇ. ಪ್ರತಿ ತಳಿಯ ಜೀನೋಮ್ ಆಗಲೇ ಓದಿಟ್ಟಿದ್ದಾರೆ, ಅದೇ ತಳಿಯನ್ನು ಮತ್ತೆ ತರಿಸಿ ಪ್ರಯೋಗ ಮಾಡಿ ನೋಡಬಹುದು. 2014ರ ಎಬೋಲಾ ಕೆಲಸ ನೋಡಿ. ಮಾಮೂಲಿ ಲ್ಯಾಬ್ ಇಲಿಗಳು ಇಲಿಗೆ ಒಗ್ಗಿಸಿದ ಎಬೋಲಾದಿಂದ ಸಾಯುತ್ತಿದ್ದವು, ಆದರೆ ಮನುಷ್ಯರಲ್ಲಿ ಕಾಣುವ ರಕ್ತಸ್ರಾವದ ಜ್ವರ ಅವುಗಳಲ್ಲಿ ಬರುತ್ತಿರಲಿಲ್ಲ. ಕೊಲಾಬರೇಟಿವ್ ಕ್ರಾಸ್ ತಳಿಗಳನ್ನು ಒಂದಕ್ಕೊಂದು ಕೂಡಿಸಿ ಹುಟ್ಟಿಸಿದ ಇಲಿಗಳಲ್ಲಿ ಕೆಲವು ಪೂರ್ತಿ ಚೇತರಿಸಿಕೊಂಡವು, ಕೆಲವಕ್ಕೆ ಅದೇ ರಕ್ತಸ್ರಾವದ ಜ್ವರ ಬಂತು. ವೈರಸ್ ಒಂದೇ, ಡೋಸ್ ಒಂದೇ! ಇದನ್ನು ಓದಿದಾಗಲೇ ಈ ಇಲಿಗಳ ಮೇಲೆ ನನಗೆ ನಂಬಿಕೆ ಬಂದಿದ್ದು.

ಇನ್ನು ತೊಂದರೆಗಳು. ಬೆಲೆ ಜಾಸ್ತಿ. ಎಷ್ಟೋ ತಳಿಗಳು ಮರಿ ಹಾಕುವುದು ಕಡಿಮೆ, ಒಂದೇ ವಯಸ್ಸಿನ ಸಾಕಷ್ಟು ಇಲಿಗಳನ್ನು ಒಟ್ಟಿಗೆ ಹೊಂದಿಸುವಷ್ಟರಲ್ಲಿ ಸಾಕಾಗಿಹೋಗುತ್ತದೆ. ಇದನ್ನು ಪೂರೈಕೆದಾರರ ತಪ್ಪು ಅನ್ನೋಕಾಗಲ್ಲ, ಶುರು ಮಾಡಿದ ತಳಿಗಳಲ್ಲಿ ಬಹುಪಾಲು ಮಧ್ಯದಲ್ಲೇ ಅಳಿದುಹೋದವು, ಅದರಲ್ಲಿ ಹತ್ತಿರ ಹತ್ತಿರ ಅರ್ಧಕ್ಕೆ ಗಂಡು ಇಲಿಗಳ ಬಂಜೆತನವೇ ಕಾರಣ. ಕಾಡು ಮೂಲದ ಜೀನ್ ಜಾಸ್ತಿ ಇರುವ ಕೆಲವು ಇಲಿಗಳು ಪಂಜರ ತೆಗೆದ ಕೂಡಲೇ ನೆಗೆಯುತ್ತವೆ, ಸೋಂಕಿರುವ ಕೋಣೆಯಲ್ಲಿ ಕೆಲಸ ಮಾಡುವವರಿಗೆ ಇದು ಸಣ್ಣ ವಿಷಯ ಅಲ್ಲ.

ಒಂದು ಜೀನ್ ತೆಗೆದರೆ ಏನಾಗುತ್ತದೆ ಅಂತಷ್ಟೇ ನೋಡಬೇಕಿದ್ದರೆ ಬ್ಲ್ಯಾಕ್ 6 ಸಾಕು, ಸುಮ್ನೆ ದುಡ್ಡು ಹಾಕಬೇಡಿ. ಯಾವ ಜೀನ್ ಅಂತಲೇ ಗೊತ್ತಿಲ್ಲದಿದ್ದರೆ ಮೊದಲು ಹಲವು ತಳಿಗಳಿಂದ ಸ್ವಲ್ಪ ಸ್ವಲ್ಪ ಇಲಿ ತರಿಸಿ, ಚೆನ್ನಾಗಿ ತಡೆದುಕೊಂಡ ಒಂದು ತಳಿ, ಬೇಗ ಸೋತ ಒಂದು ತಳಿ ಆರಿಸಿ ಕೂಡಿಸಿ, ಮೊಮ್ಮಕ್ಕಳ ಪೀಳಿಗೆಯಲ್ಲಿ ಜೀನ್ ಹುಡುಕಿ. ಆರ್ಡರ್ ಮಾಡುವ ಮುಂಚೆ ಆ ತಳಿ ಸರಾಸರಿ ಎಷ್ಟು ಮರಿ ಹಾಕುತ್ತದೆ ಅಂತ ಕೇಳಿಕೊಳ್ಳಿ.