ಸೆಪ್ಟಿಕ್ ಟ್ಯಾಂಕ್ ಶುಚಿ ಸೇವೆ: ಕೆಲಸ ಚೊಕ್ಕ, ವಿಲೇವಾರಿ ಅಸ್ಪಷ್ಟ
ಒಳಚರಂಡಿ ಸಂಪರ್ಕ ಇನ್ನೂ ಬಾರದ ಮಂಗಳೂರಿನ ನಮ್ಮ ಮನೆಯ ಸೆಪ್ಟಿಕ್ ಟ್ಯಾಂಕನ್ನು ಖಾಸಗಿ ಸಕ್ಕಿಂಗ್ ವಾಹನದವರಿಂದ ಖಾಲಿ ಮಾಡಿಸಿದೆವು. ಯಾರೂ ಗುಂಡಿಗಿಳಿಯಲಿಲ್ಲ, ಗಂಬೂಟು, ಕೈಗವಸು ಧರಿಸಿದ್ದ ಇಬ್ಬರು ಮುಚ್ಚಳ ತೆರೆದು, ವಿಷಾನಿಲ ಹೊರಹೋಗಲು ಬಿಟ್ಟು, ತಳದಲ್ಲಿ ಗಟ್ಟಿಯಾಗಿದ್ದ ಕೆಸರನ್ನು ನೀರು ಚಿಮ್ಮಿಸಿ ಕದಡಿಯೇ ಕೊಳವೆಯಿಂದ ಹೀರಿ ತೆಗೆದರು. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಟ್ಯಾಂಕಿಗಿಳಿಸುವುದನ್ನು ಮಲ ಹೊರುವ ಪದ್ಧತಿಯನ್ನು ತಡೆಯುವ 2013ರ ಕಾಯ್ದೆ ನಿಷೇಧಿಸಿದ್ದರೂ ಇಂಥ ಶಿಸ್ತು ಎಲ್ಲೆಡೆ ಕಾಣಸಿಗುವುದಿಲ್ಲವಾದ್ದರಿಂದ ಇವರನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಹೀರಿದ್ದನ್ನು ಯಾವ ಶುದ್ಧೀಕರಣ ಘಟಕಕ್ಕೆ ಒಯ್ಯುತ್ತೀರೆಂದು ಕೇಳಿದಾಗ ಸ್ಪಷ್ಟ ಉತ್ತರವಾಗಲಿ, ರಶೀದಿಯಾಗಲಿ ಸಿಗಲಿಲ್ಲ. ಮುರಕಲ್ಲಿನ (ರಂಧ್ರಗಳಿರುವ ಕೆಂಪುಕಲ್ಲಿನ) ನೆಲದಲ್ಲಿ ಮಳೆಗಾಲದ ನೀರು ಬೇಗನೆ ಬಸಿದು ಬಾವಿ ಸೇರುವ ಈ ಊರಿನಲ್ಲಿ, ತೋಡಿಗೆ (ಸಣ್ಣ ಹಳ್ಳಕ್ಕೆ) ಸುರಿದ ಒಂದೇ ಲೋಡು ಟೈಫಾಯ್ಡ್, ಕಾಮಾಲೆಗಳನ್ನು ಹತ್ತಾರು ಮನೆಗಳಿಗೆ ತಲುಪಿಸಬಲ್ಲದು. ಮುಂದಿನ ಸಲವೂ ಇವರನ್ನೇ ಕರೆಯುವೆ, ವಿಲೇವಾರಿಯ ರಶೀದಿ ಕೊಡುವ ಷರತ್ತಿನ ಮೇಲೆ.